ಅಜ್ಜನ ಕಾಲದ ಹಂಚಿನ ಮನೆ: ಕೆಡವಿ ತಾರಸಿ ಮನೆ ಕಟ್ಟಬೇಕೇ, ಉಳಿಸಿ ದುರಸ್ತಿ ಮಾಡಬೇಕೇ?

ಪ್ರಶ್ನೆ: ಮನೆಮಗ, ಕಟಪಾಡಿ

ಎಲ್ಲರಿಗೂ ನಮಸ್ಕಾರ. ಉಡುಪಿ ಜಿಲ್ಲೆಯ ಕಟಪಾಡಿಯಲ್ಲಿ, ಕಡಲಿನಿಂದ ಸುಮಾರು ಎರಡು ಕಿಲೋಮೀಟರ್ ಒಳಗೆ, ನಮಗೆ 14 ಸೆಂಟ್ಸ್ ಜಾಗವೂ ಅದರಲ್ಲಿ ಅಜ್ಜ ಕಟ್ಟಿಸಿದ 1,400 ಚದರ ಅಡಿಯ ಮನೆಯೂ ಇವೆ. ಮುರಕಲ್ಲಿನ (ಕೆಂಪುಕಲ್ಲಿನ) ಗೋಡೆ, ಮಣ್ಣಿನ ಗಾರೆ, ಅದರ ಮೇಲೆ ಸುಣ್ಣದ ಸಾರಣೆ, ಮರದ ಪಕ್ಕಾಸು (ಮಾಡಿನ ಇಳಿಜಾರು ತೊಲೆ) ಮತ್ತು ರೀಪು (ಹಂಚು ಕೂರುವ ಪಟ್ಟಿ), ಮೇಲೆ ಮಂಗಳೂರು ಹಂಚು. ಚಾವಡಿಗೆ ಮಾತ್ರ ಮರದ ಮುಚ್ಚಿಗೆ ಇದೆ. ಪಡುವಣ ಬದಿಯ ಏಳೆಂಟು ಪಕ್ಕಾಸುಗಳಿಗೆ ಗೆದ್ದಲು ಹಿಡಿದಿದೆ, ಮಂಗಗಳು ಓಡಾಡಿ ಹಂಚು ಒಡೆಯುತ್ತವೆ, ಅಡುಗೆಮನೆಯ ಗೋಡೆ ಮಳೆಗಾಲದ ಆಟಿ ತಿಂಗಳಿಡೀ ತೇವವಾಗಿಯೇ ಇರುತ್ತದೆ. ಆ ಗೋಡೆಗೆ ಸುಮಾರು 15 ವರ್ಷಗಳ ಹಿಂದೆ ನಾವೇ ಸಿಮೆಂಟಿನ ಸಾರಣೆ ಮಾಡಿಸಿದ್ದೆವು.

ಮುಂಬಯಿಯಲ್ಲಿರುವ ಅಣ್ಣ ಇನ್ನೆರಡು ವರ್ಷಗಳಲ್ಲಿ ನಿವೃತ್ತನಾಗಿ ಊರಿಗೆ ಬರುತ್ತಾನೆ. ಎರಡು ಸಂಸಾರಗಳಿಗೆ ಈ ಮನೆ ಸಾಲದು, ಇದನ್ನು ಕೆಡವಿ 2,200 ಚದರ ಅಡಿಯ ಎರಡಂತಸ್ತಿನ ಕಾಂಕ್ರೀಟ್ ಮನೆ ಕಟ್ಟೋಣ ಎಂಬುದು ಅವನ ಮಾತು. ನಾವು ವಿಚಾರಿಸಿದ ಗುತ್ತಿಗೆದಾರರೂ ಹಾಗೆಯೇ ಹೇಳುತ್ತಾರೆ. ನನಗೆ ಧೈರ್ಯ ಸಾಲದೆ ಇರುವುದಕ್ಕೆ ಕಾರಣ ಮಲ್ಪೆ ಬದಿಯಲ್ಲಿರುವ ನಮ್ಮ ಮಾವನ ಮನೆ. ಅದು 2004ರಲ್ಲಿ ಕಟ್ಟಿದ ತಾರಸಿ ಮನೆ. ಕಳೆದ ಎಪ್ರಿಲ್‌ನಲ್ಲಿ ನಾನು ಅಲ್ಲಿ ಉಳಿದಿದ್ದ ರಾತ್ರಿ ಒಳಕೋಣೆಯ ಛಾವಣಿಯಿಂದ ಅಂಗೈಯಗಲದ ಕಾಂಕ್ರೀಟ್ ಚಕ್ಕೆಯೊಂದು ಮಂಚದ ಕಾಲಬದಿಗೆ ಬಿತ್ತು. ಬೆಳಿಗ್ಗೆ ಏಣಿ ಇಟ್ಟು ನೋಡಿದರೆ ಒಳಗಿನ ಸರಳು ಪದರಪದರವಾಗಿ ಎದ್ದಿತ್ತು, ಉಗುರಿನಲ್ಲಿ ಕೆರೆದರೆ ಪುಡಿಯಾಗಿ ಉದುರುತ್ತಿತ್ತು. ಅಜ್ಜನ ಮನೆಗೆ ಅದರ ಮೂರು ಪಟ್ಟಿಗೂ ಹೆಚ್ಚು ವಯಸ್ಸಾಗಿದ್ದರೂ ಗೋಡೆಯಲ್ಲಿ ಒಂದೇ ಒಂದು ದೊಡ್ಡ ಬಿರುಕಿಲ್ಲ.

ಕರಾವಳಿಯಲ್ಲಿ ಕಾಂಕ್ರೀಟಿನ ಹಣೆಬರಹವೇ ಇಷ್ಟೇ, ಅಥವಾ ಅದು ಕಟ್ಟಿದವರ ತಪ್ಪೇ? ಹಳೆಯ ಮನೆಯನ್ನು ಉಳಿಸಿಕೊಂಡು ಎರಡು ಸಂಸಾರಗಳಿಗೆ ಜಾಗ ಮಾಡಿಕೊಳ್ಳುವ ದಾರಿ ಇದೆಯೇ? ಪರಿಸರದ ಕುರಿತ ಕಾಳಜಿಯೂ ನನಗಿದೆ. ಆದರೆ ಬರಿಯ ಭಾವುಕತೆಯಿಂದ ತಾಯಿಯನ್ನು ಸೋರುವ ಮಾಡಿನ ಕೆಳಗೆ ಕೂರಿಸಲು ಇಷ್ಟವಿಲ್ಲ. ಅನುಭವ ಇರುವವರು ದಯವಿಟ್ಟು ವಿವರವಾಗಿ ತಿಳಿಸಬೇಕಾಗಿ ವಿನಂತಿ.

ಉತ್ತರ 1: ಸರಳು ಮತ್ತು ಜಲ್ಲಿ, ಮಣಿಪಾಲ

ನಾನು ಕಟ್ಟಡಗಳ ರಚನಾ ವಿನ್ಯಾಸದ ಕೆಲಸ ಮಾಡುತ್ತೇನೆ, ಹಾಗಾಗಿ ಮೊದಲು ನಿಮ್ಮ ಮಾವನ ಮನೆಯ ವಿಷಯಕ್ಕೆ ಬರುತ್ತೇನೆ. ಅಲ್ಲಿ ಆಗಿರುವುದು ಕರಾವಳಿಯ ಸಾವಿರಾರು ಮನೆಗಳಲ್ಲಿ ಆಗುತ್ತಿರುವುದೇ. ಒಳ್ಳೆಯ ಕಾಂಕ್ರೀಟಿಗೆ ಕ್ಷಾರಗುಣ ಇರುತ್ತದೆ, ಆ ಕ್ಷಾರದ ಆಶ್ರಯದಲ್ಲಿ ಸರಳಿನ ಮೇಲೆ ಬಹಳ ತೆಳುವಾದ ರಕ್ಷಣಾ ಪದರವೊಂದು ಉಳಿದಿರುತ್ತದೆ. ಕಡಲ ಗಾಳಿಯ ಉಪ್ಪಿನಲ್ಲಿರುವ ಕ್ಲೋರೈಡ್ ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳ ಮೂಲಕ ಒಳಗಿಳಿದು ಸರಳನ್ನು ಮುಟ್ಟಿದಾಗ ಆ ಪದರ ಒಡೆಯುತ್ತದೆ, ತುಕ್ಕು ಆರಂಭವಾಗುತ್ತದೆ. ತುಕ್ಕಿಗೆ ಮೂಲ ಕಬ್ಬಿಣದ ಎರಡರಿಂದ ಆರು ಪಟ್ಟು ಜಾಗ ಬೇಕು. ಆ ಜಾಗ ಸಿಗದೆ ಅದು ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಮಂಚದ ಕಾಲಬದಿಗೆ ಬಿದ್ದದ್ದು ಹಾಗೆ ಸೀಳಿಹೋದ ಚಕ್ಕೆ.

ಇದನ್ನು ಹಣೆಬರಹ ಎನ್ನಲಾರೆ. ಕಾಂಕ್ರೀಟ್ ಕಾಮಗಾರಿಗೆ ನಮ್ಮ ದೇಶದಲ್ಲಿ ಇರುವ ಮಾನಕ ಐಎಸ್ 456, ಅದರ 2000ದ ಆವೃತ್ತಿ ಕರಾವಳಿಯ ವಾತಾವರಣಕ್ಕೆ ತೆರೆದುಕೊಂಡ ಕಾಂಕ್ರೀಟನ್ನು 'ತೀವ್ರ' ವರ್ಗಕ್ಕೆ ಸೇರಿಸುತ್ತದೆ. ಆ ವರ್ಗದಲ್ಲಿ ಕನಿಷ್ಠ ಎಂ30 ದರ್ಜೆಯ ಕಾಂಕ್ರೀಟ್ (ಅಂಕಿ ಹೆಚ್ಚಿದಷ್ಟೂ ಕಾಂಕ್ರೀಟ್ ಗಟ್ಟಿ), ಸಿಮೆಂಟಿನ ತೂಕದ 0.45ರಷ್ಟನ್ನು ಮೀರದ ನೀರು, ಸರಳಿನ ಹೊರಗೆ 45 ಮಿಲಿಮೀಟರ್ ಕಾಂಕ್ರೀಟಿನ ಹೊದಿಕೆ ಬೇಕೆಂದು ಅದು ಹೇಳುತ್ತದೆ. ನಮ್ಮ ಊರುಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಎಂ20, ಕಣ್ಣಂದಾಜಿನ ನೀರು, ಮತ್ತು ಸರಳಿನ ಕೆಳಗೆ ಒಂದು ಜಲ್ಲಿಚೂರು ಸಿಕ್ಕಿಸಿ ಪಡೆದ 15 ಅಥವಾ 20 ಮಿಲಿಮೀಟರ್ ಹೊದಿಕೆ. ಅಳಿವೆಯ ಕಡೆಯ ಮರಳನ್ನು ತೊಳೆಯದೆ ಬಳಸಿದ್ದರೆ ಉಪ್ಪು ಮೊದಲ ದಿನದಿಂದಲೇ ಒಳಗಿರುತ್ತದೆ. ಸರಳಿರುವ ಕಾಂಕ್ರೀಟಿನ ಒಂದು ಘನ ಮೀಟರಿನಲ್ಲಿ 0.6 ಕಿಲೋಗ್ರಾಮಿಗಿಂತ ಹೆಚ್ಚು ಕ್ಲೋರೈಡ್ ಇರಬಾರದೆಂಬ ಮಿತಿ ಅದೇ ಮಾನಕದಲ್ಲಿದೆ, ಆದರೆ ಮನೆ ಕಟ್ಟುವಾಗ ಅದನ್ನು ಪರೀಕ್ಷೆ ಮಾಡಿಸಿದವರನ್ನು ನಾನು ಬಹಳ ಕಡಿಮೆ ನೋಡಿದ್ದೇನೆ.

ಇನ್ನು ಪರಿಸರದ ಲೆಕ್ಕ. ಮನೆ ಕಟ್ಟಲು ಚದರ ಅಡಿಗೆ ಸುಮಾರು 0.4 ಚೀಲ ಸಿಮೆಂಟ್ ಎಂಬುದು ನಮ್ಮ ವೃತ್ತಿಯಲ್ಲಿ ರೂಢಿಯ ಅಂದಾಜು. ನಿಮ್ಮ 2,200 ಚದರ ಅಡಿಗೆ 880 ಚೀಲ, ಅಂದರೆ 44 ಟನ್. ಒಂದು ಟನ್ ಸಿಮೆಂಟ್ ತಯಾರಾಗುವಾಗ ಸ್ಥೂಲವಾಗಿ 600ರಿಂದ 800 ಕಿಲೋಗ್ರಾಂ ಕಾರ್ಬನ್ ಡೈಆಕ್ಸೈಡ್ ಹೊರಬೀಳುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಕುಲುಮೆಯ ಇಂಧನದ್ದಲ್ಲ, ಸುಣ್ಣದ ಕಲ್ಲೇ ಸುಟ್ಟು ಬಿಡುವ ಅನಿಲ. ಹಾಗಾಗಿ ಕುಲುಮೆಗೆ ಸೌರಶಕ್ತಿ ಕೊಟ್ಟರೂ ಆ ಪಾಲು ತಪ್ಪುವುದಿಲ್ಲ. ಸಿಮೆಂಟಿನಿಂದಲೇ 26ರಿಂದ 35 ಟನ್ ಆಯಿತು, ಸರಳಿನ ಲೆಕ್ಕ ಇದಕ್ಕೆ ಇನ್ನೂ ಸೇರಬೇಕು. ಇಷ್ಟೆಲ್ಲ ಸುಟ್ಟು ಕಟ್ಟಿದ ಮನೆ 60 ಅಥವಾ 80 ವರ್ಷ ನಿಂತರೆ ಆ ಹೊರೆ ವರ್ಷವರ್ಷಕ್ಕೆ ಹಂಚಿಹೋಗುತ್ತದೆ. 20 ವರ್ಷಕ್ಕೇ ಚಕ್ಕೆ ಉದುರಿದರೆ ಮತ್ತೆ ಅಷ್ಟೇ ಸುಡಬೇಕಾಗುತ್ತದೆ. ನನ್ನ ದೃಷ್ಟಿಯಲ್ಲಿ ಕರಾವಳಿಯ ಕಟ್ಟಡಗಳ ಮುಖ್ಯ ಸಮಸ್ಯೆ ಇದೇ. ಸೌರಫಲಕ, ಎಲ್‌ಇಡಿ ದೀಪಗಳ ವಿಚಾರ ಎಲ್ಲರ ಬಾಯಲ್ಲೂ ಇದೆ, ಕಟ್ಟಡದ ಆಯುಷ್ಯವನ್ನು ಕೇಳುವವರು ಇಲ್ಲ.

ನಮ್ಮ ತಾರಸಿಗಳ ಮೇಲಿನ ತಗಡಿನ ಮಾಡುಗಳನ್ನೇ ನೋಡಿ. ಸುರತ್ಕಲ್ಲಿನಿಂದ ಕುಂದಾಪುರದವರೆಗೆ ಹೆದ್ದಾರಿಯಲ್ಲಿ ಬಂದರೆ ಎಡಬಲದಲ್ಲಿ ಕಾಣುವ ಕಾಂಕ್ರೀಟ್ ಮನೆಗಳಲ್ಲಿ ಹೆಚ್ಚಿನವುಗಳ ತಲೆಯ ಮೇಲೆ ಕಬ್ಬಿಣದ ಚೌಕಟ್ಟು, ಅದರ ಮೇಲೆ ನೀಲಿ ಅಥವಾ ಕೆಂಪು ಶೀಟು. ಚಪ್ಪಟೆ ಛಾವಣಿ ನಮ್ಮ ಮಳೆಗೆ ಸೋರುತ್ತದೆ ಎಂದು ತಿಳಿದ ಮೇಲೆ ಜನ ಎರಡನೆಯ ಮಾಡು ಹಾಕಿಸಿಕೊಳ್ಳುತ್ತಾರೆ. ವರ್ಷಕ್ಕೆ ಹತ್ತಿರಹತ್ತಿರ ನಾಲ್ಕು ಸಾವಿರ ಮಿಲಿಮೀಟರ್ ಮಳೆ ಬರುವ ಉಡುಪಿಯಲ್ಲಿ ಒಂದೇ ಮನೆಗೆ ಎರಡು ಮಾಡುಗಳ ಖರ್ಚು ಮಾಡುವ ಬದಲು ಮೊದಲೇ ಇಳಿಜಾರು ಮಾಡನ್ನು ಯೋಚಿಸಬಹುದಿತ್ತು.

ಸೆಕೆಯ ವಿಷಯದಲ್ಲಿಯೂ ಒಂದು ಮಾತು. ನಮ್ಮದು ಬಿಸಿ ಮತ್ತು ತೇವದ ವಲಯ, ಹಗಲು ರಾತ್ರಿಗಳ ಉಷ್ಣತೆಯ ವ್ಯತ್ಯಾಸ ಬಯಲುಸೀಮೆಯಷ್ಟು ಇಲ್ಲ. ಹಗಲಿಡೀ ಬಿಸಿಲು ಕುಡಿದ ಕಾಂಕ್ರೀಟ್ ಚಪ್ಪಡಿ ರಾತ್ರಿ ಹನ್ನೊಂದಕ್ಕೂ ಕೆಳಗಿನ ಕೋಣೆಗೆ ಬಿಸಿ ಬಿಡುತ್ತಿರುತ್ತದೆ. ಇಲ್ಲಿ ಮೈಗೆ ಹಿತವಾಗುವುದು ಗಾಳಿಯ ಓಡಾಟದಿಂದ, ಗೋಡೆಗಳ ಮೇಲೆ ಬೀಳುವ ನೆರಳಿನಿಂದ. ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ವಸತಿ ಕಟ್ಟಡಗಳಿಗೆಂದು ತಂದ ಇಕೋ ನಿವಾಸ್ ಸಂಹಿತೆಯಲ್ಲಿ ಇಂತಹ ವಲಯಕ್ಕೆ ತೆರೆಯಬಹುದಾದ ಕಿಟಕಿ ಬಾಗಿಲುಗಳ ವಿಸ್ತೀರ್ಣ ನೆಲದ ವಿಸ್ತೀರ್ಣದ ಆರನೇ ಒಂದು ಭಾಗವಾದರೂ ಇರಬೇಕೆಂದಿದೆ. ಆ ನಿಯಮ ದೊಡ್ಡ ನಿವೇಶನಗಳಿಗೆ ಅನ್ವಯಿಸುವಂಥದ್ದಾದರೂ ಅಳತೆಗೋಲಾಗಿ ಎಲ್ಲರಿಗೂ ಉಪಯುಕ್ತ. ನಿಮ್ಮ ಅಜ್ಜನ ಮನೆಯ ಕಿಟಕಿಗಳನ್ನು ಒಮ್ಮೆ ಅಳೆದು ನೋಡಿ.

ಉತ್ತರ 2: ಹಂಚಿನ ಮಾಡು, ಕಾರ್ಕಳ

ಎರಡು ವರ್ಷಗಳ ಹಿಂದೆ ನಿಮ್ಮದೇ ಪರಿಸ್ಥಿತಿಯಲ್ಲಿ ಇದ್ದೆವು, ನಾವು ಉಳಿಸಿಕೊಂಡೆವು. ಹೇಗೆ ನಡೆಯಿತೆಂದು ಬರೆಯುತ್ತೇನೆ.

ದೀಪಾವಳಿ ಕಳೆದು ಮಳೆ ಪೂರ್ತಿ ನಿಂತ ಮೇಲೆ ಕೆಲಸ ಆರಂಭಿಸಿ ಮಳೆಗಾಲಕ್ಕೆ ಮುಂಚಿನ ಪತ್ತನಾಜೆಯೊಳಗೆ ಮುಗಿಸಿದೆವು. ಮೊದಲು ಹಂಚು ಇಳಿಸಬೇಕು. ನಮಗೆ ಸಿಕ್ಕಿದ ಹಿರಿಯ ಮೇಸ್ತ್ರಿ ಪ್ರತಿಯೊಂದು ಹಂಚನ್ನೂ ಎಡಗೈಯಲ್ಲಿ ತೂಗಿ ಹಿಡಿದು ಬಲಗೈ ಬೆರಳಿನ ಗಿಣ್ಣಿನಿಂದ ತಟ್ಟುತ್ತಿದ್ದರು. ಠಣ್ ಎಂದು ಸ್ವರ ಬಂದರೆ ಒಂದು ಬದಿಗೆ, ಮಂದವಾಗಿ ಕೇಳಿದರೆ ಇನ್ನೊಂದು ಬದಿಗೆ. ಮಂದ ಸ್ವರದ ಹಂಚಿನಲ್ಲಿ ಕಣ್ಣಿಗೆ ಕಾಣದ ಬಿರುಕಿರುತ್ತದೆ. ಹೀಗೆ ಮೂರು ದಿನ ತಟ್ಟಿ ಬೇರ್ಪಡಿಸಿದಾಗ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಹಂಚುಗಳು ಗಟ್ಟಿಯಾಗಿದ್ದವು. ಪಾಚಿಯನ್ನು ತೆಂಗಿನ ನಾರಿನಲ್ಲಿ ಉಜ್ಜಿ ತೊಳೆದು ಅವನ್ನೇ ಮರಳಿ ಹೊದೆಸಿದೆವು. ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಷನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದಾಗ ನೇತ್ರಾವತಿ ದಡದ ಆವೆಮಣ್ಣಿನಿಂದ ಮಾಡಿದ ಆ ವಿನ್ಯಾಸ ಇಂದಿಗೂ ಹೆಚ್ಚುಕಡಿಮೆ ಹಾಗೆಯೇ ಇದೆ. ಹಾಗಾಗಿ ಒಡೆದ ಒಂದು ಹಂಚಿನ ಜಾಗಕ್ಕೆ ಬೇರೊಂದನ್ನು ಕೂರಿಸುವುದು ಸುಲಭ. ಒಂದು ಕಡೆ ಕೆಟ್ಟರೆ ಅಷ್ಟನ್ನೇ ಬದಲಿಸಬಹುದಾದ ಮಾಡು ಇದು. ಕಾಂಕ್ರೀಟ್ ಚಪ್ಪಡಿಯಲ್ಲಿ ಆ ಸೌಲಭ್ಯ ಇಲ್ಲ.

ಪಕ್ಕಾಸುಗಳ ವಿಷಯದಲ್ಲಿ ನಾವು ಹಟ ಮಾಡಲಿಲ್ಲ. ಗಟ್ಟಿಯಿದ್ದ ಹಲಸು ಮತ್ತು ಬೋಗಿಯ ಮರಗಳನ್ನು ಉಳಿಸಿಕೊಂಡು ಕೆಟ್ಟವುಗಳ ಜಾಗದಲ್ಲಿ ಸತು ಲೇಪಿಸಿದ ಕಬ್ಬಿಣದ ಚೌಕ ಪೈಪು ಹಾಕಿಸಿದೆವು. ಬೆಸುಗೆ ಹಾಕಿದ ಕಡೆ ಸತು ಸುಟ್ಟುಹೋಗುತ್ತದೆ, ಅಲ್ಲಿ ಮತ್ತೆ ಸತುವಿನ ಬಣ್ಣ ಬಳಿಸಲು ಮರೆಯಬೇಡಿ. ಕಡಲಿಗೆ ನೀವು ನಮಗಿಂತ ಹತ್ತಿರ ಇದ್ದೀರಿ. ಮಂಗಗಳಿಗೆಂದು ಹಂಚಿನ ಅಡಿಯಲ್ಲಿ ತೆಳುವಾದ ಅಲ್ಯುಮಿನಿಯಂ ಹಾಳೆ ಹಾಸಿದೆವು. ಹಂಚು ಒಡೆದರೂ ನೀರು ಹಾಳೆಯ ಮೇಲಿಂದ ಇಳಿದು ಹೊರಗೆ ಹೋಗುತ್ತದೆ, ಬಿಸಿಲಿನ ಧಗೆಯೂ ಗಣನೀಯವಾಗಿ ಕಡಿಮೆಯಾಯಿತು. ಹಾಳೆಗೂ ಹಂಚಿಗೂ ನಡುವೆ ಒಂದೆರಡು ಇಂಚು ಗಾಳಿಯಾಡುವ ಜಾಗ ಬಿಟ್ಟು, ಮೇಲೆ ಮಾಡಿನ ನೆತ್ತಿಯ ಮೂಲೆಹಂಚಿನ ಬಳಿ ಬಿಸಿಗಾಳಿ ಹೊರಹೋಗಲು ದಾರಿ ಇರಿಸಬೇಕು.

ನಿಮ್ಮ ಅಡುಗೆಮನೆಯ ತೇವಕ್ಕೆ ಕಾರಣ ಬಹುಶಃ ಆ ಸಿಮೆಂಟಿನ ಸಾರಣೆಯೇ. ಮುರಕಲ್ಲು ನೆಲದಿಂದ ನೀರು ಹೀರುತ್ತದೆ, ಬಿಸಿಲು ಬಂದಾಗ ಬಿಡುತ್ತದೆ. ಸುಣ್ಣದ ಸಾರಣೆಗೆ ಈ ಉಸಿರಾಟ ಗೊತ್ತು. ಸಿಮೆಂಟಿನ ಸಾರಣೆ ದಾರಿ ಕಟ್ಟಿಬಿಡುತ್ತದೆ, ಒಳಗೆ ಸಿಕ್ಕಿಬಿದ್ದ ನೀರು ಕಲ್ಲನ್ನೂ ಮಣ್ಣಿನ ಗಾರೆಯನ್ನೂ ಮೆತ್ತಗೆ ಮಾಡುತ್ತದೆ. ನಾವು ನಾಲ್ಕು ಅಡಿ ಎತ್ತರದವರೆಗೆ ಸಿಮೆಂಟನ್ನು ಕೆತ್ತಿಸಿ ಒಂದು ಬೇಸಿಗೆ ಪೂರ್ತಿ ಗೋಡೆಯನ್ನು ಬರಿಮೈಯಲ್ಲಿ ಬಿಟ್ಟೆವು, ಆಮೇಲೆ ಸುಣ್ಣದ ಸಾರಣೆ ಮಾಡಿಸಿದೆವು. ಮುಂದಿನ ಆಟಿಯಲ್ಲಿ ಗೋಡೆಗೆ ಬೆನ್ನು ಆನಿಸಿ ಕುಳಿತರೆ ತಣ್ಣಗಿತ್ತು, ಒದ್ದೆ ಇರಲಿಲ್ಲ. ಸೂರಿನ ಚಾಚು ಎಲ್ಲಿಯೂ ಮೂರು ಅಡಿಗಿಂತ ಕಡಿಮೆ ಇರದಂತೆ ನೋಡಿಕೊಳ್ಳಿ. ಹಿಂದೆ ಮಳೆಗಾಲಕ್ಕೆ ಮುಂಚೆ ಪಡುಬದಿಯ ಗೋಡೆಗಳಿಗೆ ಮಡಲಿನ (ತೆಂಗಿನ ಗರಿಯ) ತಟ್ಟಿ ಕಟ್ಟುತ್ತಿದ್ದುದು ಇದೇ ಕಾರಣಕ್ಕೆ. ಮೂಡುಬಿದಿರೆಯಲ್ಲಿ 1430ರ ಸಾವಿರ ಕಂಬದ ಬಸದಿಯನ್ನು ಕಟ್ಟಿದವರು ಕಲ್ಲಿನಲ್ಲಿ ಕೆಲಸ ಮಾಡಿಯೂ ಮಾಡನ್ನು ಇಳಿಜಾರಾಗಿಯೇ ಇಳಿಸಿದ್ದಾರೆ. ಈ ಮಳೆಯ ಸ್ವಭಾವ ಅವರಿಗೆ ಗೊತ್ತಿತ್ತು.

ಉತ್ತರ 3: ಕೆಂಪುಕಲ್ಲು, ಕಿನ್ನಿಗೋಳಿ

ಮೇಲಿನ ಇಬ್ಬರೂ ಹೇಳಿದ್ದನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಹಳೆಯದೆಲ್ಲ ಪರಿಸರಸ್ನೇಹಿ ಎಂಬ ಭಾವನೆ ಬರಬಾರದೆಂದು ಇದನ್ನು ಬರೆಯುತ್ತಿದ್ದೇನೆ. ನಮ್ಮ ತಂದೆ ಕೋರೆಯಲ್ಲಿ ಕಲ್ಲು ಕಡಿದವರು, ನಾನು ಸಣ್ಣ ಮಟ್ಟದಲ್ಲಿ ಮನೆಗಳ ಗುತ್ತಿಗೆ ಮಾಡುತ್ತೇನೆ.

ಮುರಕಲ್ಲು ಭಟ್ಟಿಯಲ್ಲಿ ಸುಡದೆ ಸಿಗುವ ಇಟ್ಟಿಗೆ. ನೆಲದಿಂದ ಕಡಿದಾಗ ಮೆದುವಾಗಿದ್ದು ಗಾಳಿ ಬಿಸಿಲಿಗೆ ಗಟ್ಟಿಯಾಗುವ ಇದರ ಗುಣವನ್ನು ಕಂಡೇ ಬ್ರಿಟಿಷ್ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪುರಂ ಕಲ್ಲಿಗೆ, ಲ್ಯಾಟಿನ್ನಿನಲ್ಲಿ ಇಟ್ಟಿಗೆ ಎಂಬ ಅರ್ಥದ ಪದದಿಂದ ಲ್ಯಾಟರೈಟ್ ಎಂಬ ಹೆಸರು ಕೊಟ್ಟ. ಆ ಬರಹ ಪ್ರಕಟವಾದದ್ದು 1807ರಲ್ಲಿ. ಅಷ್ಟಾದರೂ ಕೋರೆಯ ಗಾಯ ಸಣ್ಣದಲ್ಲ. ಮೇಲಿನ ಮಣ್ಣು, ಅದರಲ್ಲಿ ಬೆಳೆದ ಕುರುಚಲು, ಗೇರು, ಎಲ್ಲವನ್ನೂ ಸರಿಸಿ ಯಂತ್ರದಲ್ಲಿ ಕೊಯ್ದು ತೆಗೆದ ಮೇಲೆ ಉಳಿಯುವುದು ನೇರ ಗೋಡೆಗಳ ಆಳವಾದ ಹೊಂಡ. ಮಳೆಗಾಲದಲ್ಲಿ ಅದರಲ್ಲಿ ಆಳಕ್ಕೆ ನೀರು ನಿಲ್ಲುತ್ತದೆ, ಸುತ್ತ ಬೇಲಿ ಇರುವುದಿಲ್ಲ, ಈಜಲು ಇಳಿದ ಮಕ್ಕಳು ಮುಳುಗಿದ ಸುದ್ದಿ ನಮ್ಮ ಕಡೆ ಹೊಸದಲ್ಲ. ಹಂಚಿಗೆ ಬೇಕಾದ ಆವೆಮಣ್ಣೂ ಯಾರದೋ ಗದ್ದೆಯಿಂದಲೇ ಬರಬೇಕು. ಹಾಗಾಗಿ ಹೊಸ ಮುರಕಲ್ಲು, ಹೊಸ ಹಂಚು ತಂದು ಹಳೆಯ ಶೈಲಿಯ ದೊಡ್ಡ ಮನೆ ಕಟ್ಟಿಸುವವರು ಪರಿಸರಕ್ಕೆ ಉಪಕಾರ ಮಾಡುತ್ತೇವೆಂದು ತಿಳಿದರೆ ಅದು ಸರಿಯಲ್ಲ. ನಿಮ್ಮ ಅಜ್ಜನ ಮನೆಯ ಕಲ್ಲು ಮತ್ತು ಹಂಚಿಗೆ ಬೆಲೆ ಇರುವುದು ಅವುಗಳಿಗಾಗಿ ಆಗಬೇಕಾದ ಹಾನಿ ಎಂದೋ ಆಗಿಹೋಗಿದೆ ಎಂಬ ಕಾರಣದಿಂದ.

ಇನ್ನೊಂದು ಸಂಗತಿ. ಪ್ರತಿ ಸಂಸಾರವೂ ಒಂದಂತಸ್ತಿನ ಮನೆಯಲ್ಲೇ ಇರಬೇಕೆಂದು ಹೊರಟರೆ ಮಂಗಳೂರು ಉಡುಪಿಗಳ ಸುತ್ತ ಗದ್ದೆ, ಗುಡ್ಡ ಯಾವುದೂ ಉಳಿಯದು. ಅಣ್ಣನಿಗೆ ಬೇರೆ ಜಾಗ ಕೊಂಡು ಬೇರೆ ಮನೆ ಕಟ್ಟಿಸುವುದಕ್ಕಿಂತ ಇರುವ 14 ಸೆಂಟ್ಸಿನಲ್ಲಿ ಮೇಲಕ್ಕೆ ಹೋಗುವುದೇ ಒಳ್ಳೆಯದು. ನಾನಾದರೆ ಹೀಗೆ ಮಾಡುತ್ತಿದ್ದೆ: ಮುಂದಿನ ಚಾವಡಿ, ಎರಡು ಕೋಣೆ, ಜಗಲಿಗಳನ್ನು ಹಾಗೆಯೇ ಉಳಿಸಿಕೊಂಡು, ಕೆಟ್ಟಿರುವ ಅಡುಗೆಮನೆಯ ಭಾಗವನ್ನು ಮಾತ್ರ ಬಿಚ್ಚಿ, ಅಲ್ಲಿ ಸಣ್ಣ ಅಡಿಪಾಯದ ಎರಡಂತಸ್ತಿನ ಕಟ್ಟಡವನ್ನು ಸೇರಿಸುವುದು. ಅದಕ್ಕೆ ಕಂಬ ತೊಲೆಗಳ ಚೌಕಟ್ಟು ಬೇಕಿಲ್ಲ. ಭಾರ ಹೊರುವ ಮುರಕಲ್ಲಿನ ಗೋಡೆ ಎರಡಂತಸ್ತಿಗೆ ಸಾಕು, ಸರಿಯಾದ ಕಲ್ಲು ಇರಬೇಕಷ್ಟೆ. ಐಎಸ್ 3620 ಎಂಬ ಮಾನಕ ಈ ಕಲ್ಲಿಗೆ ಚದರ ಮಿಲಿಮೀಟರಿಗೆ ಕನಿಷ್ಠ 3.5 ನ್ಯೂಟನ್ ಶಕ್ತಿ ಕೇಳುತ್ತದೆ. ಒಂದೇ ಕೋರೆಯಲ್ಲಿ ಮೇಲಿನ ಪದರದ ಕಲ್ಲು ಗಟ್ಟಿ, ಆಳಕ್ಕೆ ಹೋದ ಹಾಗೆ ಬಿಳಿ ಮಣ್ಣಿನ ಗೆರೆಗಳು ಕಾಣಿಸಿಕೊಂಡು ಮೆದುವಾಗುತ್ತದೆ. ಲಾರಿಯಿಂದ ಇಳಿಸುವಾಗಲೇ ಬಿಳಿ ಗೆರೆಯ ಕಲ್ಲುಗಳನ್ನು ವಾಪಸು ಕಳುಹಿಸಿ. ಬಿಚ್ಚಿದ ಹಳೆಯ ಗೋಡೆಯ ಕಲ್ಲುಗಳನ್ನು ಎಸೆಯಬೇಡಿ. ಮಣ್ಣಿನ ಗಾರೆಯಾದ್ದರಿಂದ ಅವು ಇಡಿಯಾಗಿಯೇ ಬಿಟ್ಟುಬರುತ್ತವೆ.

ನಡುವಿನ ಅಂತಸ್ತಿಗೆ ಚಪ್ಪಡಿ ಬೇಕೇ ಬೇಕು. ಅದಕ್ಕೆ ಮಂದ ಸ್ವರದ ಹಂಚುಗಳು ಉಪಯೋಗಕ್ಕೆ ಬರುತ್ತವೆ. ಚಪ್ಪಡಿಯ ಕೆಳಭಾಗದ ಕಾಂಕ್ರೀಟ್ ಸರಳನ್ನು ಹಿಡಿದುಕೊಂಡಿರುವುದು ಬಿಟ್ಟರೆ ಭಾರ ಹೊರುವುದರಲ್ಲಿ ಹೆಚ್ಚಿನ ಕೆಲಸ ಮಾಡುವುದಿಲ್ಲ. ಸರಳುಗಳ ನಡುವಿನ ಆ ಜಾಗದಲ್ಲಿ ಎರಡೆರಡು ಹಂಚುಗಳನ್ನು ಒಂದರ ಮೇಲೊಂದು ಇರಿಸಿ ಕಾಂಕ್ರೀಟ್ ಸುರಿದರೆ ಐದನೇ ಒಂದು ಭಾಗದಷ್ಟು ಕಾಂಕ್ರೀಟ್ ಉಳಿಯುತ್ತದೆ. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಬಹಳ ಕಾಲ ಬಳಸಿದ ವಿಧಾನ ಇದು. ಆದರೆ ಮಣಿಪಾಲದ ಎಂಜಿನಿಯರರು ಹೇಳಿದ ಹೊದಿಕೆಯ ಮಾತನ್ನು ಇಲ್ಲಿ ಇನ್ನಷ್ಟು ಎಚ್ಚರದಿಂದ ಪಾಲಿಸಬೇಕು, ಹಂಚು ಸರಳಿಗೆ ತಾಗಿಕೊಂಡಿರಬಾರದು. ಮೇಲಂತಸ್ತಿಗೆ ಚಪ್ಪಡಿ ಬೇಡ, ಹಂಚಿನ ಮಾಡೇ ಇರಲಿ.

ಕೆಲಸ ಬಲ್ಲ ಮೇಸ್ತ್ರಿಗಳು ಕಡಿಮೆಯಾಗಿದ್ದಾರೆ ಎಂಬುದು ನಿಜವಾದ ತೊಂದರೆ. ಸುಣ್ಣದ ಸಾರಣೆ ಬಲ್ಲವರು ನನ್ನ ಪರಿಚಯದಲ್ಲಿ ಮೂವರು ಮಾತ್ರ, ಮೂವರಿಗೂ 60 ದಾಟಿದೆ. ಅವರ ಜೊತೆ ಇಬ್ಬರು ಹುಡುಗರನ್ನು ಹಚ್ಚಿದರೆ ಆ ಹುಡುಗರ ಸಂಬಳದಷ್ಟು ಖರ್ಚು ಹೆಚ್ಚಾಗುತ್ತದೆ. ದಯವಿಟ್ಟು ಆ ಖರ್ಚಿಗೆ ಹಿಂಜರಿಯಬೇಡಿ.

ಉತ್ತರ 4: ಬಾವಿಕಟ್ಟೆ, ದೇರೆಬೈಲು

ಮನೆಯ ಬಗ್ಗೆ ಇಷ್ಟು ಚರ್ಚೆಯಾಯಿತು, ಅಂಗಳದ ಬಗ್ಗೆ ಯಾರೂ ಬರೆಯಲಿಲ್ಲ. ನಾನು ಮಂಗಳೂರಿನ ದೇರೆಬೈಲಿನಲ್ಲಿ ಇರುವವಳು. 2018ರ ಮೇ 29ರಂದು ಒಂದೇ ದಿನದ ಮಳೆಗೆ ನಗರದ ತಗ್ಗು ಪ್ರದೇಶಗಳೆಲ್ಲ ಮುಳುಗಿದಾಗ ಕೊಟ್ಟಾರ ಚೌಕಿಯ ಬಳಿ ಮೊಣಕಾಲು ಮೀರಿದ ನೀರಿನಲ್ಲಿ ಮಗಳನ್ನು ಎತ್ತಿಕೊಂಡು ದಾಟಿದ್ದೇನೆ. ಮರು ವರ್ಷದ ಬೇಸಿಗೆಯಲ್ಲಿ ಅದೇ ನಗರದಲ್ಲಿ ತುಂಬೆ ಅಣೆಕಟ್ಟೆಯ ನೀರು ಇಳಿದು ನಳ್ಳಿ ನೀರನ್ನು ಸರದಿಯ ಲೆಕ್ಕದಲ್ಲಿ ಕೊಟ್ಟರು. ಸ್ವರ್ಣಾ ನದಿಯ ಬಜೆ ಅಣೆಕಟ್ಟನ್ನು ನಂಬಿದ ಉಡುಪಿಯವರಿಗೂ ಆ ವರ್ಷ ಅದೇ ಪಾಡು. ಇಷ್ಟು ಮಳೆ ಬೀಳುವ ಊರಿನಲ್ಲಿ ಇವೆರಡೂ ನಡೆಯುವುದಕ್ಕೆ ನಾವು ನೆಲವನ್ನು ಮುಚ್ಚಿರುವ ರೀತಿಯೂ ಒಂದು ಕಾರಣ.

ನಮ್ಮ ಓಣಿಯಲ್ಲಿ ಹನ್ನೊಂದು ಮನೆಗಳಿವೆ. ಒಂಬತ್ತರ ಅಂಗಳಕ್ಕೆ ಪಾಗಾರದಿಂದ (ಆವರಣ ಗೋಡೆಯಿಂದ) ಪಾಗಾರದವರೆಗೆ ಇಂಟರ್‌ಲಾಕ್ ಹಾಸಿದ್ದಾರೆ, ಮಣ್ಣು ಕಾಣುವುದು ತುಳಸಿಕಟ್ಟೆಯೊಳಗೆ ಮಾತ್ರ. ಜೂನ್ ತಿಂಗಳ ಮೊದಲ ಜೋರು ಮಳೆಗೆ ಒಂಬತ್ತು ಗೇಟುಗಳ ಕೆಳಗಿನಿಂದ ಕೆಂಪು ನೀರು ಒಟ್ಟಿಗೆ ನುಗ್ಗಿ ಓಣಿಗೆ ಇಳಿಯುತ್ತದೆ. ನಾವು ಅಂಗಳದ ಹಾಸನ್ನು ಕಿತ್ತು ವಾಹನದ ಎರಡು ಗಾಲಿಗಳಿಗಷ್ಟೇ ಹಾಸುಗಲ್ಲು ಬಿಟ್ಟು ಉಳಿದ ಕಡೆ ಗರಿಕೆ ಬೆಳೆಸಿದೆವು. ಅತ್ತೆಯವರಿಗೆ ಕೆಸರಾಗುತ್ತದೆಂಬ ಆತಂಕವಿತ್ತು, ಒಂದು ಮಳೆಗಾಲ ಕಳೆದ ಮೇಲೆ ಅದು ಹೋಯಿತು.

ನಿಮ್ಮ ಮಾಡಿನ ಲೆಕ್ಕ ಹಾಕಿ ನೋಡಿದೆ. 1,400 ಚದರ ಅಡಿ ಎಂದರೆ ಸುಮಾರು 130 ಚದರ ಮೀಟರ್. ನಾಲ್ಕು ಮೀಟರ್ ಮಳೆ ಬಂದರೆ 5,20,000 ಲೀಟರ್, ಅದರಲ್ಲಿ ಐದನೇ ಒಂದು ಭಾಗ ಚೆಲ್ಲಿಹೋದರೂ ನಾಲ್ಕು ಲಕ್ಷ ಲೀಟರಿಗಿಂತ ಹೆಚ್ಚು ಕೈಗೆ ಸಿಗುತ್ತದೆ. ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬ ನಗರ ಯೋಜನೆಯ ಲೆಕ್ಕದಲ್ಲಿ ಐದು ಜನರಿಗೆ ಇಡೀ ವರ್ಷಕ್ಕೆ ಬೇಕಾಗುವುದು ಎರಡೂವರೆ ಲಕ್ಷ ಲೀಟರ್. ಅಷ್ಟನ್ನೂ ತೊಟ್ಟಿಯಲ್ಲಿ ಕೂಡಿಡಲು ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ. ಫೆಬ್ರವರಿಯಿಂದ ಮೇ ಕೊನೆಯ ತನಕ ಕುಡಿಯಲು ಮತ್ತು ಅಡುಗೆಗೆ ಹತ್ತು ಸಾವಿರ ಲೀಟರಿನ ತೊಟ್ಟಿ ಸಾಕು, ಉಳಿದುದು ಬಾವಿಗೆ ಹೋಗಲಿ. ಮೊದಲ ಎರಡು ಮಳೆಯ ನೀರನ್ನು ಹೊರಗೆ ಬಿಟ್ಟು ಆಮೇಲೆ ಜಲ್ಲಿ, ಮರಳು, ಇದ್ದಿಲಿನ ಪದರಗಳ ಮೂಲಕ ಇಳಿಸಬೇಕು. ಹಂಚಿನಲ್ಲಿ ಪಾಚಿ ಇರುವುದರಿಂದ ಈ ಸೋಸುವಿಕೆಯನ್ನು ತಪ್ಪಿಸಬಾರದು.

ಒಂದು ಎಚ್ಚರಿಕೆ ಹೇಳಲೇಬೇಕು. ಮುರಕಲ್ಲಿನ ನೆಲ ಸ್ಪಂಜಿನಂತೆ ನೀರು ಕುಡಿಯುತ್ತದೆ, ಅಷ್ಟೇ ಬೇಗ ತಗ್ಗಿನ ಕಡೆಗೆ ಬಿಟ್ಟುಕೊಡುತ್ತದೆ. ಜುಲೈಯಲ್ಲಿ ತುಂಬಿ ತುಳುಕುವ ಬಾವಿ ಮಾರ್ಚಿನಲ್ಲಿ ತಳ ಕಾಣುವುದು ಅದರಿಂದಲೇ. ಒಂದೇ ಮನೆಯವರು ಇಂಗಿಸಿದರೆ ಪ್ರಯೋಜನ ಕೆಳಗಿನ ಮನೆಯ ಬಾವಿಗೆ ಹೋಗುವುದೂ ಉಂಟು. ನಮ್ಮ ಹಿರಿಯರು ಗುಡ್ಡದ ಮೇಲೆ ಮದಕ (ಕೆರೆ), ತೋಡಿಗೆ (ಹಳ್ಳಕ್ಕೆ) ಕಟ್ಟ ಎಂದು ಊರೇ ಸೇರಿ ನೀರು ನಿಲ್ಲಿಸುತ್ತಿದ್ದುದರ ಹಿಂದೆ ಈ ತಿಳಿವಳಿಕೆ ಇತ್ತು. ಹಾಗಾಗಿ ನೆರೆಮನೆಯವರನ್ನೂ ಸೇರಿಸಿಕೊಳ್ಳಿ. ನಮ್ಮ ಓಣಿಯಲ್ಲಿ ನಾಲ್ಕು ಮನೆಯವರು ಬಾವಿಗೆ ನೀರಿಳಿಸಲು ಆರಂಭಿಸಿದ ಮೇಲೆ ನಮ್ಮ ಬಾವಿಯಲ್ಲಿ ಮೇ ಮೊದಲ ವಾರದಲ್ಲೂ ಕೊಡಪಾನ ಮುಳುಗುವಷ್ಟು ನೀರು ಇದೆ. ಹಿಂದೆ ಎಪ್ರಿಲ್ ಹತ್ತಕ್ಕೆ ಟ್ಯಾಂಕರಿಗೆ ಫೋನು ಮಾಡುತ್ತಿದ್ದೆವು.

ನಿಮ್ಮದು ಸಮತಟ್ಟು ಜಾಗವಾದರೆ ಈ ಮುಂದಿನ ಮಾತು ನಿಮಗೆ ಅನ್ವಯಿಸದು, ಓದುವ ಬೇರೆಯವರಿಗೆ ಬೇಕಾದೀತು. ಮುರಕಲ್ಲಿನ ಪದರದ ಅಡಿಯಲ್ಲಿ ಶೇಡಿಮಣ್ಣು ಇರುತ್ತದೆ. ಒಣಗಿದಾಗ ಗೋಡೆಯಂತೆ ನಿಲ್ಲುವ ಅದು ನೀರು ಕುಡಿದಾಗ ಬಲ ಕಳೆದುಕೊಂಡು ಜಾರುತ್ತದೆ. ಬೇಸಿಗೆಯಲ್ಲಿ ಗುಡ್ಡವನ್ನು ನೇರವಾಗಿ ಕಡಿದು ನಿವೇಶನ ಮಾಡಿ, ಇಷ್ಟು ಗಟ್ಟಿ ಇದೆಯಲ್ಲ ಎಂದು ನಂಬಿ ಅದರ ಬುಡದಲ್ಲಿ ಮನೆ ಕಟ್ಟುವವರು ಮಳೆಗಾಲದಲ್ಲಿ ನಿದ್ದೆಗೆಡಬೇಕಾಗುತ್ತದೆ. ಅಂತಹ ಇಳಿಜಾರಿನ ನೆತ್ತಿಯಲ್ಲಿ ಇಂಗುಗುಂಡಿ ತೋಡುವುದಂತೂ ಅಪಾಯ.

ಉತ್ತರ 5: ಮನೆಮಗ, ಕಟಪಾಡಿ

ಇಷ್ಟು ಶ್ರಮ ತೆಗೆದುಕೊಂಡು ಬರೆದ ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ನಿಮ್ಮೆಲ್ಲರ ಉತ್ತರಗಳನ್ನು ಅಣ್ಣನಿಗೆ ಓದಿ ಹೇಳಿದೆ. 44 ಟನ್ ಸಿಮೆಂಟಿನ ಲೆಕ್ಕಕ್ಕಿಂತ ತಾರಸಿಯ ಮೇಲಿನ ಶೀಟಿನ ಮಾತು ಅವನನ್ನು ಹೆಚ್ಚು ತಟ್ಟಿತು, ಏಕೆಂದರೆ ಅವನ ಅಂದಾಜು ಪಟ್ಟಿಯಲ್ಲಿ ಆ ಶೀಟಿನ ಖರ್ಚು ಮೊದಲೇ ಸೇರಿತ್ತು. ಚಾವಡಿಯನ್ನೂ ಜಗಲಿಯನ್ನೂ ಉಳಿಸಿಕೊಂಡು ಹಿಂಬದಿಯಲ್ಲಿ ಎರಡಂತಸ್ತು ಸೇರಿಸುವ ಯೋಜನೆಗೆ ಅವನೂ ಒಪ್ಪಿದ್ದಾನೆ. ಕಿಟಕಿಗಳನ್ನೂ ಅಳೆದೆ. ಚಾವಡಿಯಲ್ಲಿ ತೆರೆಯುವ ಜಾಗ ನೆಲದ ಐದನೇ ಒಂದು ಭಾಗಕ್ಕೆ ಬಂತು, ಒಳಕೋಣೆಗಳಲ್ಲಿ ಎಂಟನೇ ಒಂದು ಭಾಗ ಮಾತ್ರ ಇದೆ. ಅಲ್ಲಿ ಕಿಟಕಿ ದೊಡ್ಡದು ಮಾಡಬೇಕಾದೀತು.

ಒಂದೇ ಸಂದೇಹ ಉಳಿದಿದೆ. ಹಳೆಯ ಗೋಡೆಗೂ ಹೊಸ ಗೋಡೆಗೂ ಸೇರುವ ಕಡೆ ಬಿರುಕು ಬಾರದೇ?

ಉತ್ತರ 6: ಸರಳು ಮತ್ತು ಜಲ್ಲಿ, ಮಣಿಪಾಲ

ಬರುತ್ತದೆ, ಆದ್ದರಿಂದ ಅವೆರಡನ್ನೂ ಹೆಣೆಯಲು ಹೋಗಬೇಡಿ. ಹಳೆಯ ಅಡಿಪಾಯ ಕೂರಬೇಕಾದಷ್ಟು ಕೂತಾಗಿದೆ, ಹೊಸದು ಮೊದಲ ಒಂದೆರಡು ಮಳೆಗಾಲಗಳಲ್ಲಿ ಸ್ವಲ್ಪ ಕೂರುತ್ತದೆ. ಹೊಸ ಗೋಡೆಯನ್ನು ಒಂದು ಇಂಚು ಬಿಟ್ಟು ಬೇರೆಯಾಗಿಯೇ ಕಟ್ಟಿಸಿ, ಆ ಸಂದನ್ನು ಅಡಿಪಾಯದಿಂದ ಮಾಡಿನವರೆಗೆ ಉಳಿಸಿಕೊಂಡು, ಮೇಲೆ ಒಂದು ಬದಿಗೆ ಮಾತ್ರ ಬಿಗಿದ ತಗಡಿನ ಪಟ್ಟಿಯಿಂದ ಮುಚ್ಚಿ. ಎರಡು ಮಾಡುಗಳು ಸೇರುವ ಕಡೆ ಕಣಿವೆ ಬಾರದಂತೆ ಹೊಸ ಮಾಡಿನ ಸೂರು ಹಳೆಯದರ ಮೇಲೆ ಚಾಚಿಕೊಳ್ಳಲಿ. ಮನೆಗಳು ಹೆಚ್ಚಾಗಿ ಸೋರುವುದು ಆ ಕಣಿವೆಯಲ್ಲೇ.

ಉತ್ತರ 7: ಹಂಚಿನ ಮಾಡು, ಕಾರ್ಕಳ

ಹಂಚು ಇಳಿಸುವ ದಿನ ನೆನಪಿರಲಿ: ಅವನ್ನು ಮಲಗಿಸಿ ಪೇರಿಸಿದರೆ ಅಡಿಯವು ಸೀಳುತ್ತವೆ. ತೆಂಗಿನ ಮರದ ಬುಡದಿಂದ ದೂರ, ನೆರಳಿರುವ ಕಡೆ, ಮರಳು ಹಾಸಿ ನಿಲ್ಲಿಸಿ ಜೋಡಿಸಿ. ಮೂಲೆಹಂಚುಗಳನ್ನು ಬೇರೆಯೇ ಇಡಿ, ಈಗ ಆ ಅಳತೆಯವು ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದಿಲ್ಲ.